ಗುಳಿಗೆ ನಾಲಿಗೆ ಕೆಳಗೆ, ಬೆವರು ಬೆನ್ನ ತುಂಬ: ಬ್ಯುಪ್ರೆನಾರ್ಫಿನ್ ತಗೊಳ್ಳುವವರು ಯಾರಾದರೂ ಇದ್ದೀರಾ?

ಬೈತಖೋಲ_ಬೋಟು

ಎಲ್ಲರಿಗೂ ನಮಸ್ಕಾರ. ಇಲ್ಲಿ ಸುಮಾರು ದಿನದಿಂದ ಓದುತ್ತಿದ್ದೇನೆ, ಬರೆಯುವುದು ಇದೇ ಮೊದಲು. ಕಾರವಾರದವನು, ಬೋಟಿನಲ್ಲಿ ಖಲಾಸಿ. ಹೆಸರು ಕೇಳಬೇಡಿ, ನಮ್ಮ ಬಂದರು ಬಹಳ ಸಣ್ಣದು.

ನಾಲ್ಕು ವರ್ಷದ ಹಿಂದೆ ಬಲೆ ಎಳೆಯುವಾಗ ಸೊಂಟ ಹಿಡಿಯಿತು. ಜೊತೆಯವನೊಬ್ಬ ಕ್ಯಾಪ್ಸೂಲ್ ಕೊಟ್ಟ. ಅದು ಟ್ರಮಡಾಲ್, ಅಫೀಮಿನ ಜಾತಿಯ ನೋವಿನ ಔಷಧಿ ಅಂತ ಆಮೇಲೆ ಗೊತ್ತಾಯಿತು. ಒಂದು ಗಂಟೆಯಲ್ಲಿ ನೋವು ಮಾಯ. ರಾತ್ರಿಯೆಲ್ಲ ಇಬ್ಬರ ಕೆಲಸ ಒಬ್ಬನೇ ಮಾಡಿದೆ. ಬೋಟು ನಡೆಸುವ ತಾಂಡೇಲ ಹೊಗಳಿದ. ಆಮೇಲಿನ ಕಥೆ ಇಲ್ಲಿರುವವರಿಗೆ ಹೇಳಬೇಕಾಗಿಲ್ಲ. ಒಂದು ಎರಡಾಯಿತು, ಎರಡು ಹನ್ನೆರಡಾಯಿತು. ಒಮ್ಮೆ ಸಮುದ್ರದ ಮೇಲೇ ಫಿಟ್ಸ್ ಬಂದು ಬಿದ್ದೆ. ಅವತ್ತು ಮನೆಯಲ್ಲಿ ಎಲ್ಲ ಬಯಲಾಯಿತು.

ಕಳೆದ ವರ್ಷ ಜೂನ್ 1ಕ್ಕೆ ಮೀನುಗಾರಿಕೆ ಬಂದ್ ಆಯಿತಲ್ಲ, ಜುಲೈ ಮುಗಿಯುವವರೆಗೆ ಹೇಗೂ ಕೆಲಸ ಇಲ್ಲ. ಆಗ ಚಿಕಿತ್ಸೆ ಶುರು ಮಾಡಿದೆ. ಬ್ಯುಪ್ರೆನಾರ್ಫಿನ್ ಜೊತೆ ನಲಾಕ್ಸೋನ್ ಸೇರಿಸಿದ ಗುಳಿಗೆ, ಇಂಥ ಚಟ ಬಿಡಿಸಲು ಕೊಡುವಂಥದ್ದು. ನಾಲಿಗೆ ಕೆಳಗೆ ಇಟ್ಟುಕೊಳ್ಳುವುದು. ಏಳು ತಿಂಗಳಾಯಿತು, ಕ್ಯಾಪ್ಸೂಲ್ ಮುಟ್ಟಿಲ್ಲ. ಸಾಲ ಅರ್ಧ ತೀರಿದೆ. ಮಗಳು ಹತ್ತಿರ ಬಂದು ಕೂರುತ್ತಾಳೆ.

ಆದರೆ ಮೈ ಸರಿ ಇಲ್ಲ. ಮೊದಲನೆಯದು ಸಂಡಾಸು. ನಾಲ್ಕು ದಿನಕ್ಕೊಮ್ಮೆ ಆದರೆ ಪುಣ್ಯ. ಒಮ್ಮೆ ಹೋದರೆ ವಾರ ಬೋಟಿನಲ್ಲೇ ಇರುವವನಿಗೆ ಇದೆಂಥ ಅವಸ್ಥೆ ಅಂತ ಹೇಳಿದರೆ ಜೊತೆಯವರು ನಗುತ್ತಾರೆ. ಆಮೇಲೆ ಬೆವರು. ಕಾರವಾರದಲ್ಲಿ ಬೆವರು ಯಾರಿಗಿಲ್ಲ ಹೇಳಿ? ಆದರೆ ಇದು ಜನವರಿ. ಬೆಳಗಿನ ಜಾವ ಉಳಿದವರು ಕಿವಿಗೆ ಟವೆಲ್ ಸುತ್ತಿಕೊಂಡು ಮುದುಡಿ ಕೂತಿದ್ದರೆ, ನನ್ನ ಬನಿಯನ್ ಹಿಂಡಿದರೆ ನೀರು ಬರುತ್ತದೆ. ಈಗ ಹೊಸದಾಗಿ ಹಲ್ಲು. ಹಿಂದಿನ ಎರಡು ಹಲ್ಲು ಅಂಚಿನಲ್ಲಿ ಪುಡಿಯಾಗುತ್ತಿವೆ. ತಣ್ಣೀರು ತಾಗಿದರೆ ತಲೆಯವರೆಗೆ ಝುಂ ಅನ್ನುತ್ತದೆ.

ಗುಳಿಗೆ ತರಲು ಹೋಗಿ ಬರಲು ಒಂದು ಇಡೀ ದಿನ ಬೇಕು. ಡಾಕ್ಟರ ಎದುರು ಸಿಗುವುದು ಐದು ನಿಮಿಷ. "ಹೇಗಿದ್ದೀ?" ಅನ್ನುತ್ತಾರೆ. "ಅಡ್ಡಿಲ್ಲ" ಅನ್ನುತ್ತೇನೆ. ಹಿಂದೆ ಇಪ್ಪತ್ತು ಜನ ಕಾಯುತ್ತಿರುವಾಗ ಸಂಡಾಸಿನ ಕಥೆ ಯಾರು ಹೇಳುತ್ತಾರೆ?

ಈಗ ಗುಳಿಗೆ ನಿಲ್ಲಿಸಿಬಿಡೋಣ ಅನ್ನಿಸುತ್ತಿದೆ. ಏಳು ತಿಂಗಳು ಸಾಕಲ್ವಾ?

ಗಂಗಾವಳಿ_ತಿರುವು

ಸಾಕು. ಒಂದು ಚಟ ಬಿಡಿಸಲು ಇನ್ನೊಂದು ಚಟ ಹಚ್ಚಿದ್ದಾರೆ ಅಷ್ಟೇ. ಮನಸ್ಸು ಗಟ್ಟಿ ಮಾಡಿಕೊಳ್ಳಿ. ನಮ್ಮ ಚಿಕ್ಕಪ್ಪ ಕುಡಿತ ಬಿಟ್ಟದ್ದು ಒಂದೇ ದಿನದಲ್ಲಿ, ಯಾವ ಗುಳಿಗೆಯೂ ಇಲ್ಲದೆ.

ಕೊನೆಕೊಯ್ಲು_ಸೋಂದಾ

ತಮ್ಮಾ, ನಿಲ್ಲಿಸಬೇಡ. ಮೊದಲು ನನ್ನದು ಕೇಳು.

ನಾನು ಶಿರಸಿ ಕಡೆಯವನು. ಮೂವತ್ತು ವರ್ಷ ಅಡಿಕೆ ಮರ ಹತ್ತಿ ಕೊನೆ ಇಳಿಸಿದವನು. ಒಮ್ಮೆ ಮರ ಜಾರಿತು. ಕಾಲಿಗೆ ರಾಡು ಹಾಕಿದರು. ನೋವಿಗೆ ಪೆಂಟಾಜೋಸಿನ್ ಇಂಜೆಕ್ಷನ್ ಕೊಟ್ಟರು, ಅದೂ ಅಫೀಮಿನ ಜಾತಿಯದ್ದೇ. ಕಾಲು ಕೂಡಿತು, ಇಂಜೆಕ್ಷನ್ ಬಿಡಲಿಲ್ಲ. ಕೈಯಲ್ಲಿ ನರ ಸಿಗದೆ ತೊಡೆಗೆ ಚುಚ್ಚಿಕೊಂಡು, ಅಲ್ಲೆಲ್ಲ ಮಾಂಸ ಕಲ್ಲಿನ ಹಾಗೆ ಗಟ್ಟಿಯಾಗಿದೆ. ಈಗ ಮೂರು ವರ್ಷದಿಂದ ನಿನ್ನದೇ ಗುಳಿಗೆ ನನ್ನದೂ.

ನನಗೂ ಮೊದಲ ವರ್ಷ ಹೊಟ್ಟೆ ಕಟ್ಟಿತ್ತು. ಕಾಲಿನ ಪಾದ ಊದುತ್ತಿತ್ತು. ಕೂತಲ್ಲಿಂದ ಗಕ್ಕನೆ ಎದ್ದರೆ ಕಣ್ಣು ಕತ್ತಲೆ. ಮರ ಹತ್ತುವವನಿಗೆ ಅದು ಆಗುವ ಮಾತಲ್ಲ, ಹಾಗಾಗಿ ಈಗ ನೆಲದಲ್ಲೇ ಇದ್ದೇನೆ. ಬೇರೆಯವರು ಇಳಿಸಿದ್ದನ್ನು ಹೊರುತ್ತೇನೆ, ಸುಲಿಯುತ್ತೇನೆ. ಪಾದ ಊದುವುದು, ಕತ್ತಲೆ ಬರುವುದು ತಾನಾಗಿಯೇ ಕಡಿಮೆಯಾಯಿತು. ಹಲ್ಲು ಮಾತ್ರ ನನ್ನದೂ ಹೋಗಿದೆ, ಮೂರು. ಆದರೆ ನಾನು ಕವಳ ಹಾಕುವವನು. ಗುಳಿಗೆಯಿಂದ ಹೋಯಿತೋ, ಸುಣ್ಣ ಹೊಗೆಸೊಪ್ಪಿನಿಂದ ಹೋಯಿತೋ, ಆ ದೇವರೇ ಹೇಳಬೇಕು.

ಕುಮಟಾ_ಸಿಸ್ಟರ್

ನಾನು ಡಾಕ್ಟರಲ್ಲ. ನರ್ಸು, ಇಂಥ ವಾರ್ಡಿನಲ್ಲಿ ಕೆಲವು ವರ್ಷ ಕೆಲಸ ಮಾಡಿದವಳು. ನಿಮ್ಮ ಡೋಸು ಹೆಚ್ಚು ಮಾಡಿ, ಕಡಿಮೆ ಮಾಡಿ ಅಂತ ಹೇಳುವುದಿಲ್ಲ. ಉಳಿದದ್ದು ಹೇಳುತ್ತೇನೆ.

ಸಂಡಾಸಿನಿಂದಲೇ ಶುರು ಮಾಡೋಣ, ಯಾಕೆಂದರೆ ಗುಳಿಗೆ ಬಿಟ್ಟು ಹೋದವರಲ್ಲಿ ಎಷ್ಟೋ ಜನ ಬಿಟ್ಟದ್ದು ಇದೇ ಕಾರಣಕ್ಕೆ. ನಾಚಿಕೆಯಿಂದ ಬಾಯಿ ಬಿಡುತ್ತಿರಲಿಲ್ಲ. ಅಫೀಮಿನ ಜಾತಿಯ ಔಷಧಿ ಮಿದುಳಿನಲ್ಲಿ ಎಲ್ಲಿ ಕೂರುತ್ತದೋ ಅಂಥದ್ದೇ ಜಾಗಗಳು ಕರುಳಿನಲ್ಲೂ ಇವೆ. ಅಲ್ಲಿ ಕೂತರೆ ಕರುಳಿನ ಓಡಾಟ ನಿಧಾನವಾಗುತ್ತದೆ. ಒಳಗಿದ್ದದ್ದು ಒಳಗೇ ಉಳಿದು ನೀರೆಲ್ಲ ಹೀರಿ ಗಟ್ಟಿಯಾಗುತ್ತದೆ. ವಾಂತಿ ಬಂದಂತಾಗುವುದು, ತಲೆನೋವು ಮೊದಲ ವಾರಗಳಲ್ಲಿ ಬಂದು ಹೋಗುತ್ತವೆ, ಮೈ ಹೊಂದಿಕೊಳ್ಳುತ್ತದೆ. ಕರುಳು ಅಷ್ಟು ಬೇಗ ಹೊಂದಿಕೊಳ್ಳುವುದಿಲ್ಲ. ಹಾಗಾಗಿ "ಇವತ್ತಲ್ಲ ನಾಳೆ ಸರಿಯಾಗುತ್ತದೆ" ಅಂತ ಕಾಯುತ್ತ ಕೂತರೆ ಆಗುವುದಿಲ್ಲ.

ಎಲ್ಲರೂ ಮೊದಲು ಮಾಡುವ ತಪ್ಪು ಇಸಬ್ಗೋಲ್. ಅದು ನೀರು ಕುಡಿದು ಉಬ್ಬುವ ವಸ್ತು. ಬೋಟಿನಲ್ಲಿ ನೀರು ಅಳೆದು ಕುಡಿಯುವವರು ಅದನ್ನು ತಿಂದರೆ ಒಳಗೆ ಇನ್ನೊಂದು ಗೋಡೆ ಕಟ್ಟಿದ ಹಾಗೆ. ಇದಕ್ಕೆ ಕರುಳಿಗೆ ನೀರು ಎಳೆಯುವ ಔಷಧಿ ಬೇಕು, ಲ್ಯಾಕ್ಟುಲೋಸ್ ಸಿರಪ್ ತರಹದ್ದು. ಇಲ್ಲವೇ ಕರುಳನ್ನು ಓಡಿಸುವಂಥದ್ದು, ಬಿಸಾಕೋಡಿಲ್, ಸೋನಾಮುಖಿ ಅಂಥವು. ಯಾವುದು, ಎಷ್ಟು ಅಂತ ಡಾಕ್ಟರೇ ಬರೆದುಕೊಡುತ್ತಾರೆ, ನೀವು ಬಾಯಿ ಬಿಡಬೇಕು ಅಷ್ಟೇ. ನೀರು, ಗಂಜಿ, ಬಸಳೆ, ಬಾಳೆಹಣ್ಣು ಎಲ್ಲ ಒಳ್ಳೆಯದೇ, ಆದರೆ ಅಷ್ಟರಿಂದಲೇ ಆಗುವುದು ಕಷ್ಟ. ಹೊಟ್ಟೆ ಉಬ್ಬರಿಸಿ, ವಾಂತಿಯಾಗಿ, ಗಾಳಿಯೂ ಹೋಗದಿದ್ದರೆ ಮನೆಯಲ್ಲಿ ಕೂರಬೇಡಿ, ಆಸ್ಪತ್ರೆಗೆ ಹೋಗಿ.

ಬೆವರು ಈ ಗುಳಿಗೆಯಿಂದ ಬರುತ್ತದೆ, ಹೌದು. ಆದರೆ ಇನ್ನೊಂದು ವಿಷಯವನ್ನೂ ನೋಡಬೇಕು. ಡೋಸು ಸಾಲದೆ ಹೋದರೂ ಬೆವರು ಬರುತ್ತದೆ, ಯಾಕೆಂದರೆ ಅದು ಗುಳಿಗೆಯ ಬಲ ಇಳಿಯುತ್ತಿರುವ ಲಕ್ಷಣ. ಎರಡನ್ನೂ ಬೇರೆ ಮಾಡುವುದು ಹೊತ್ತಿನಿಂದ. ನೀವು ಗುಳಿಗೆ ಇಡುವುದು ಎಷ್ಟು ಗಂಟೆಗೆ? ಬೆವರು ಶುರುವಾಗುವುದು ಎಷ್ಟು ಗಂಟೆಗೆ? ಜೊತೆಗೆ ಆಕಳಿಕೆ, ಮೂಗು ಸೋರುವುದು, ಮೈ ಜುಂ ಅಂತ ರೋಮ ಏಳುವುದು ಇದೆಯಾ? ಒಂದು ವಾರ ಬರೆದಿಡಿ.

ಬೈತಖೋಲ_ಬೋಟು

ಸಿಸ್ಟರ್, ಗುಳಿಗೆ ಇಡುವುದು ಬೆಳಿಗ್ಗೆ ಒಂಬತ್ತರ ಮೇಲೆ, ಬಲೆ ಎತ್ತಿ ಮೀನು ಐಸಿಗೆ ಹಾಕಿದ ಮೇಲೆ. ಬೆವರು ಮೂರು ನಾಲ್ಕು ಗಂಟೆ ರಾತ್ರಿಗೆ. ಆಕಳಿಕೆ ಇದೆ. ನಿದ್ದೆಗೆಟ್ಟದ್ದಕ್ಕೆ ಅಂದುಕೊಂಡಿದ್ದೆ.

ಇನ್ನೊಂದು. ಕೆಲಸದ ಗಡಿಬಿಡಿಯಲ್ಲಿ ಅದು ಪೂರ್ತಿ ಕರಗುವುದಕ್ಕೆ ಕಾಯುವುದಿಲ್ಲ. ತಾಂಡೇಲ ಕೂಗಿದರೆ ನುಂಗಿಬಿಡುತ್ತೇನೆ. ನುಂಗಿದರೂ ಹೊಟ್ಟೆಗೇ ಹೋಗುತ್ತದಲ್ಲ?

ಕುಮಟಾ_ಸಿಸ್ಟರ್

ಅಯ್ಯೋ, ಅಲ್ಲೇ ಇದೆ ನೋಡಿ ವಿಷಯ!

ಇದು ನುಂಗುವ ಗುಳಿಗೆ ಅಲ್ಲವೇ ಅಲ್ಲ. ಹೊಟ್ಟೆಗೆ ಹೋದದ್ದು ಮೊದಲು ಲಿವರ್ ದಾಟಬೇಕು. ಹೆಚ್ಚಿನದನ್ನು ಲಿವರ್ ಅಲ್ಲೇ ಮುರಿದು ಹಾಕುತ್ತದೆ. ರಕ್ತಕ್ಕೆ ಸಿಗುವುದು ಚೂರು. ನಾಲಿಗೆ ಕೆಳಗೆ ಇಟ್ಟರೆ ಅಲ್ಲಿಯ ತೆಳು ಚರ್ಮದಿಂದ ನೇರ ರಕ್ತಕ್ಕೆ ಇಳಿಯುತ್ತದೆ. ಹಾಗಾಗಿ ನೀವು ತಗೊಳ್ಳುತ್ತಿರುವುದು ಡಾಕ್ಟರು ಬರೆದ ಡೋಸು ಅಲ್ಲ, ಅದಕ್ಕಿಂತ ಎಷ್ಟೋ ಕಡಿಮೆ. ಬೆಳಗಿನ ಜಾವದ ಬೆವರಿಗೆ ಇದೇ ಕಾರಣ ಇರಬಹುದು.

ಮೊದಲು ಒಂದು ಗುಟುಕು ನೀರು ಕುಡಿದು ಬಾಯಿ ಒದ್ದೆ ಮಾಡಿಕೊಳ್ಳಿ. ಗುಳಿಗೆ ನಾಲಿಗೆ ಕೆಳಗಿಡಿ. ಹತ್ತು ನಿಮಿಷ ಮಾತು ಬೇಡ, ಬೀಡಿ ಬೇಡ, ಚಹಾ ಬೇಡ. ಜಗಿಯಬೇಡಿ. ತಾಂಡೇಲ ಕೂಗಿದರೆ ಕೈ ಎತ್ತಿ ತೋರಿಸಿ.

ಪೂರ್ತಿ ಕರಗಿದ ಮೇಲೆ ಹಲ್ಲಿನ ಕೆಲಸ. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2022ರ ಜನವರಿಯಲ್ಲಿ ಇದರ ಬಗ್ಗೆಯೇ ಎಚ್ಚರಿಕೆ ಕೊಟ್ಟಿತು. ಬಾಯಲ್ಲಿ ಕರಗಿಸುವ ಬ್ಯುಪ್ರೆನಾರ್ಫಿನ್‌ನಿಂದ ಹಲ್ಲು ಹುಳುಕಾಗುವುದು, ಸೋಂಕು, ಹಲ್ಲು ಬಿದ್ದೇ ಹೋಗುವುದು ಕಂಡುಬಂದಿದೆ, ಮೊದಲು ಹಲ್ಲಿನ ತೊಂದರೆಯೇ ಇಲ್ಲದವರಲ್ಲೂ ಕಂಡುಬಂದಿದೆ ಅಂತ. ಆದರೆ ಅದೇ ಎಚ್ಚರಿಕೆಯಲ್ಲಿ ಇನ್ನೊಂದು ಮಾತೂ ಇತ್ತು: ಇದಕ್ಕಾಗಿ ಗುಳಿಗೆ ಬಿಡಬೇಡಿ, ಅದರ ಲಾಭ ಇದಕ್ಕಿಂತ ದೊಡ್ಡದು. ಮಾಡಬೇಕಾದ್ದು ಸುಲಭ. ಕರಗಿದ ಮೇಲೆ ಬಾಯಿ ತುಂಬ ನೀರು ತಗೊಂಡು, ಹಲ್ಲು ವಸಡಿನ ಸುತ್ತ ನಿಧಾನವಾಗಿ ಆಡಿಸಿ ನುಂಗಿ. ಕೂಡಲೇ ಹಲ್ಲುಜ್ಜಬೇಡಿ. ಕನಿಷ್ಠ ಒಂದು ಗಂಟೆ ಬಿಡಿ. ಹಲ್ಲಿನ ಡಾಕ್ಟರಿಗೆ ಈ ಗುಳಿಗೆ ತಗೊಳ್ಳುತ್ತೇನೆ ಅಂತ ಹೇಳಿಬಿಡಿ.

ಸೋಂದಾ ಅಣ್ಣಾ, ನಿಮಗೂ ಹೇಳುತ್ತಿದ್ದೇನೆ. ಗುಳಿಗೆ ಇಟ್ಟುಕೊಂಡೇ ಕವಳ ಹಾಕುತ್ತೀರಾ ಏನು?

ಕೊನೆಕೊಯ್ಲು_ಸೋಂದಾ

ಇಟ್ಟುಕೊಂಡು ಅಲ್ಲ, ಮುಗಿದ ಕೂಡಲೇ. ಎರಡು ಮೂರು ನಿಮಿಷದಲ್ಲಿ.

ಸರಿ. ಗೊತ್ತಾಯಿತು. ಬಯ್ಯಬೇಡಿ.

ಗುಳಿಗೆ_ಅಂಗಡಿ_ಶಿರಸಿ

ನಾನು ಮೆಡಿಕಲ್ ಅಂಗಡಿಯವನು. ಈ ಬ್ಯುಪ್ರೆನಾರ್ಫಿನ್ ಗುಳಿಗೆ ನಮ್ಮಂಥ ಸಾಮಾನ್ಯ ಅಂಗಡಿಯಲ್ಲಿ ಕೇಳಬೇಡಿ, ಅದು ಸಿಗುವುದು ವ್ಯಸನ ಬಿಡಿಸುವ ಕೇಂದ್ರಗಳಲ್ಲೇ. ಟ್ರಮಡಾಲ್ ಕೂಡ 2018ರ ಏಪ್ರಿಲ್‌ನಿಂದ ಮಾದಕ ವಸ್ತುಗಳ ಕಾಯ್ದೆಯಾದ ಎನ್‌ಡಿಪಿಎಸ್ ಒಳಗೆ ಬಂದಿದೆ. ಆದರೂ ಕೆಲವು ಕಡೆ ಚೀಟಿ ಇಲ್ಲದೆ ಕೊಡುವವರು ಇದ್ದಾರೆ ಅನ್ನುವುದು ನಮ್ಮ ಕಸುಬಿಗೇ ನಾಚಿಕೆ.

ನಾನು ಹೇಳಬೇಕೆಂದದ್ದು ಬೇರೆ. ಅಂಗಡಿಗೆ ಬಂದು "ನಿದ್ದೆ ಗುಳಿಗೆ ಕೊಡಿ" ಅನ್ನುವವರಲ್ಲಿ ಇಂಥ ಚಿಕಿತ್ಸೆಯಲ್ಲಿ ಇರುವವರೂ ಇರುತ್ತಾರೆ. ಹೇಳುವುದಿಲ್ಲ. ಬ್ಯುಪ್ರೆನಾರ್ಫಿನ್ ಒಂದೇ ಇದ್ದರೆ ಉಸಿರು ನಿಲ್ಲುವಷ್ಟು ತೊಂದರೆ ದೊಡ್ಡವರಲ್ಲಿ ಬಹಳ ಕಡಿಮೆ, ಅದರ ಪರಿಣಾಮ ಒಂದು ಮಟ್ಟಕ್ಕೆ ಏರಿ ಅಲ್ಲೇ ನಿಲ್ಲುತ್ತದೆ. ಜೊತೆಗೆ ಅಲ್ಪ್ರಾಜೋಲಾಂ, ಡಯಾಜೆಪಾಂ ತರಹದ ನಿದ್ದೆ ಗುಳಿಗೆ ಅಥವಾ ಸಾರಾಯಿ ಸೇರಿದರೆ ಲೆಕ್ಕವೇ ಬೇರೆ. ಮಲಗಿದವರು ಏಳದೇ ಇರಬಹುದು. ಕ್ಷಯರೋಗದ ರಿಫಾಂಪಿಸಿನ್ ಗುಳಿಗೆ ಇದಕ್ಕೆ ತದ್ವಿರುದ್ಧ. ಅದು ಬ್ಯುಪ್ರೆನಾರ್ಫಿನ್‌ನ ಬಲವನ್ನೇ ಇಳಿಸುತ್ತದೆ. ಯಾವ ಹೊಸ ಔಷಧಿ ತಗೊಂಡರೂ ಹಳೆಯದರ ಹೆಸರು ಹೇಳಿ.

ಮತ್ತೆ, ಮನೆಯಲ್ಲಿ ಮಕ್ಕಳಿದ್ದರೆ ಬೀಗದ ಡಬ್ಬಿ. ಪುಟ್ಟ ಮಗುವಿಗೆ ಒಂದೇ ಗುಳಿಗೆಯೂ ಪ್ರಾಣಕ್ಕೆ ಸಂಚಕಾರ.

ಗಂಗಾವಳಿ_ತಿರುವು

ಇಷ್ಟೆಲ್ಲ ತೊಂದರೆ ಇರುವ ಗುಳಿಗೆ ಬಿಡಬೇಡಿ ಅಂತ ಎಲ್ಲರೂ ಹೇಳುತ್ತಿದ್ದೀರಲ್ಲ, ಆಶ್ಚರ್ಯ. ಹಲ್ಲು ಹೋಗುತ್ತದೆ, ಹೊಟ್ಟೆ ಕಟ್ಟುತ್ತದೆ, ಬಿಟ್ಟರೆ ಮೈ ನಡುಗುತ್ತದೆ. ಇದನ್ನೇ ಅಲ್ವಾ ಚಟ ಅನ್ನುವುದು?

ಕರಿಇಶಾಡು

ಅಂಕೋಲಾದಿಂದ. ಇದಕ್ಕೆ ಉತ್ತರ ನಾನು ಕೊಡುತ್ತೇನೆ, ಅನುಭವಿಸಿದ್ದೇನೆ.

2024ರ ಜುಲೈ 16ಕ್ಕೆ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಹೆದ್ದಾರಿ ಬಂದ್. ನಾನು ಗುಳಿಗೆ ತರುತ್ತಿದ್ದದ್ದು ಅದರ ಆಚೆ. ಮನೆಯಲ್ಲಿ ಉಳಿದದ್ದು ಎರಡೇ. ಮಳೆ, ಸಾವು, ನದಿಯಲ್ಲಿ ಹುಡುಕಾಟ, ಊರಿಗೆ ಊರೇ ಸೂತಕದಲ್ಲಿತ್ತು. ಅಂಥ ಹೊತ್ತಿನಲ್ಲಿ ನನ್ನ ಗುಳಿಗೆಯ ಚಿಂತೆ ಯಾರ ಮುಂದೆ ತೋಡಿಕೊಳ್ಳಲಿ?

ಗುಳಿಗೆ ಮುಗಿದ ಮೊದಲ ದಿನ ಏನೂ ಆಗಲಿಲ್ಲ. ಈ ಔಷಧಿ ಮೈಯಲ್ಲಿ ಒಂದು ದಿನಕ್ಕಿಂತ ಜಾಸ್ತಿ ನಿಲ್ಲುತ್ತದೆ, ಅದೇ ಮೋಸ. "ಅರೆ, ಬಿಟ್ಟೇಬಿಟ್ಟೆನಲ್ಲ" ಅನ್ನಿಸಿತು. ಎರಡನೇ ರಾತ್ರಿ ಆಕಳಿಕೆ, ಮೂಗಲ್ಲಿ ನೀರು. ಮೂರನೇ ದಿನ ಕಾಲಿನ ಮೂಳೆಯೊಳಗೆ ಯಾರೋ ಕೂತು ಒದೆಯುತ್ತಿದ್ದ ಹಾಗೆ. ಭೇದಿ. ನಿದ್ದೆ ಇಲ್ಲ. ನಾಲ್ಕನೇ ದಿನ ಹಳೇ ಪೆಟ್ಟಿಗೆ ಹುಡುಕಿ, ಎಂದೋ ಅಡಗಿಸಿಟ್ಟಿದ್ದ ಎರಡು ಕ್ಯಾಪ್ಸೂಲ್ ತಿಂದೆ. ಹೆಂಡತಿ ನೋಡಿದಳು. ಅವಳ ಮುಖ ಈಗಲೂ ನೆನಪಿದೆ.

ಇನ್ನು ನಿಮ್ಮ ಪ್ರಶ್ನೆ. ಕ್ಯಾಪ್ಸೂಲ್ ತಿನ್ನುತ್ತಿದ್ದಾಗ ಬೆಳಿಗ್ಗೆ ಎದ್ದ ಕೂಡಲೇ ಯೋಚನೆ ಒಂದೇ: ಇವತ್ತಿನದು ಎಲ್ಲಿಂದ? ತಾಯಿಯ ಓಲೆ ಅಡವಿಟ್ಟೆ. ಈ ಗುಳಿಗೆಯಲ್ಲಿ ಅಮಲು ಇಲ್ಲ, ದಿನದಿಂದ ದಿನಕ್ಕೆ ಹೆಚ್ಚು ಬೇಕು ಅನ್ನುವುದೂ ಇಲ್ಲ. ಬೆಳಿಗ್ಗೆ ಇಟ್ಟುಕೊಂಡು ಗದ್ದೆಗೆ ಹೋಗುತ್ತೇನೆ. ಬಿಟ್ಟರೆ ಮೈ ನಡುಗುತ್ತದೆ, ನಿಜ. ನಮ್ಮ ಅತ್ತೆಗೆ ಸಕ್ಕರೆ ಕಾಯಿಲೆ, ಅವರು ಇನ್ಸುಲಿನ್ ಬಿಟ್ಟರೂ ಬೀಳುತ್ತಾರೆ. ಅವರಿಗೆ ಚಟ ಅಂತ ನೀವು ಅನ್ನುತ್ತೀರಾ?

ಗಂಗಾವಳಿ_ತಿರುವು

ಆ ದಿನಗಳಲ್ಲಿ ನಾನೂ ಅಲ್ಲೇ ಇದ್ದೆ. ನಿಮ್ಮ ಅವಸ್ಥೆ ಗೊತ್ತಿರಲಿಲ್ಲ. ಇನ್ಸುಲಿನ್ ಹೋಲಿಕೆ ಪೂರ್ತಿ ಒಪ್ಪುವುದಿಲ್ಲ, ಆದರೆ ಸುಮ್ಮನಿರುತ್ತೇನೆ.

ಯಲ್ಲಾಪುರ_ಕೊನೆಬಸ್ಸು

ನಾಲ್ಟ್ರೆಕ್ಸೋನ್ ಬಗ್ಗೆ ಯಾರೂ ಹೇಳಲಿಲ್ಲ. ನಾನು ಅದರಲ್ಲಿದ್ದೆ. ಅದು ಈ ಜಾತಿಯದ್ದಲ್ಲ, ಬೀಗ ಹಾಕುವಂಥದ್ದು. ಕ್ಯಾಪ್ಸೂಲ್ ತಿಂದರೂ ಏರುವುದಿಲ್ಲ. ಆದರೆ ಶುರು ಮಾಡುವ ಮೊದಲು ಏಳರಿಂದ ಹತ್ತು ದಿನ ಯಾವ ಅಫೀಮಿನ ಜಾತಿಯ ವಸ್ತುವೂ ಮೈಯಲ್ಲಿ ಇರಬಾರದು. ನಾನು ಸುಳ್ಳು ಹೇಳಿದೆ. "ಹತ್ತು ದಿನವಾಯಿತು" ಅಂದೆ, ಆಗಿದ್ದದ್ದು ಮೂರು. ಗುಳಿಗೆ ನುಂಗಿ ಒಂದು ಗಂಟೆಯೊಳಗೆ ಭೂಮಿ ಬಾಯಿ ಬಿಟ್ಟ ಹಾಗಾಯಿತು. ಅಷ್ಟೇ ಹೇಳುತ್ತೇನೆ.

ಎರಡನೇ ಸಲ ನಿಯತ್ತಿನಿಂದ ಶುರು ಮಾಡಿದೆ. ಹೊಟ್ಟೆ ತೊಳಸುವುದು, ತಲೆನೋವು, ಎಂಥದ್ದೂ ಬೇಡ ಅನ್ನುವ ಮನಸ್ಸು. ಮೂರು ವಾರದಲ್ಲಿ ಕಡಿಮೆಯಾಯಿತು. ಆಗಾಗ ಲಿವರ್ ರಕ್ತಪರೀಕ್ಷೆ ಮಾಡಿಸುತ್ತಿದ್ದರು. ದೊಡ್ಡ ಅಪಾಯ ಇರುವುದು ಬಿಟ್ಟ ಮೇಲೆ. ಮೈಗೆ ಹಳೇ ಅಭ್ಯಾಸ ಹೋಗಿರುತ್ತದೆ, ಕೈಗೆ ಮಾತ್ರ ಹಳೇ ಲೆಕ್ಕ ನೆನಪಿರುತ್ತದೆ. ನನ್ನ ಜೊತೆ ಚಿಕಿತ್ಸೆಯಲ್ಲಿದ್ದ ಹುಡುಗನೊಬ್ಬ ಬಿಟ್ಟು ಒಂದು ತಿಂಗಳಿಗೆ ಹಳೇ ಲೆಕ್ಕದಲ್ಲೇ ತಗೊಂಡ. ಬೆಳಿಗ್ಗೆ ಏಳಲಿಲ್ಲ.

ಕುಮಟಾ_ಸಿಸ್ಟರ್

ಯಲ್ಲಾಪುರದವರು ಹೇಳಿದ್ದು ಬ್ಯುಪ್ರೆನಾರ್ಫಿನ್‌ಗೂ ಸ್ವಲ್ಪ ಅನ್ವಯಿಸುತ್ತದೆ, ಮೊದಲ ದಿನದ ಮಟ್ಟಿಗೆ. ಈ ಔಷಧಿ ಬಂದು ಕೂತರೆ ಗಟ್ಟಿಯಾಗಿ ಕೂರುತ್ತದೆ. ಮೊದಲೇ ಕೂತಿದ್ದ ಟ್ರಮಡಾಲನ್ನೋ ಹೆರಾಯಿನನ್ನೋ ಎಬ್ಬಿಸಿ ಕಳಿಸುತ್ತದೆ. ಆದರೆ ಅವುಗಳಷ್ಟು ಬಲ ತಾನು ಕೊಡುವುದಿಲ್ಲ. ಮೈಗೆ ಅದು ಒಮ್ಮೆಲೇ ಬಿಟ್ಟ ಹಾಗೆ. ಅದಕ್ಕೇ ಡಾಕ್ಟರು "ಕಷ್ಟ ಶುರುವಾಗಲಿ, ಆಮೇಲೆ ಕೊಡುತ್ತೇನೆ" ಅಂತ ಕಾಯಿಸುವುದು. ಸಾಮಾನ್ಯವಾಗಿ ಕೊನೆಯ ಡೋಸು ಆಗಿ 12ರಿಂದ 24 ಗಂಟೆ, ನಿಧಾನ ಬಿಡುಗಡೆಯ ಗುಳಿಗೆಯಾಗಿದ್ದರೆ ಇನ್ನೂ ಜಾಸ್ತಿ. ಜನ ಅದನ್ನು ಕ್ರೂರತನ ಅಂದುಕೊಳ್ಳುತ್ತಾರೆ.

ನಲಾಕ್ಸೋನ್ ಯಾಕೆ ಸೇರಿಸಿದ್ದಾರೆ ಅಂತ ಒಬ್ಬರು ಖಾಸಗಿಯಾಗಿ ಕೇಳಿದರು. ನಾಲಿಗೆ ಕೆಳಗಿಟ್ಟರೆ ಅದು ಹೆಚ್ಚು ಕಡಿಮೆ ರಕ್ತಕ್ಕೆ ಇಳಿಯುವುದೇ ಇಲ್ಲ. ಪುಡಿ ಮಾಡಿ ಚುಚ್ಚಿಕೊಂಡರೆ ಮಾತ್ರ ಕೆಲಸ ಮಾಡಿ ಕಷ್ಟ ತರುತ್ತದೆ. ಅದು ಕಾವಲುಗಾರ.

ಶರಾವತಿ_ದಂಡೆ

ನಾನು ಹೊನ್ನಾವರದವಳು. ಗುಳಿಗೆ ತಗೊಳ್ಳುವವರು ನನ್ನ ಯಜಮಾನರು. ಒಂದೂವರೆ ವರ್ಷವಾಯಿತು. ಅವರು ಇಲ್ಲಿ ಬರೆಯುವುದಿಲ್ಲ, ಹಾಗಾಗಿ ನಾನು.

ಕೇಳಲು ಸಂಕೋಚ. ಕುಡಿತ ಇಲ್ಲ, ಜಗಳ ಇಲ್ಲ, ಸಂಬಳ ಮನೆಗೆ ಬರುತ್ತದೆ. ಎಲ್ಲರೂ "ನಿನ್ನ ಅದೃಷ್ಟ" ಅನ್ನುತ್ತಾರೆ. ಆದರೆ ರಾತ್ರಿ ಗೋಡೆ ಕಡೆ ತಿರುಗಿ ಮಲಗುತ್ತಾರೆ. ಮೊದಲು ನನ್ನ ಮೇಲೆ ಸಿಟ್ಟು ಅಂದುಕೊಂಡೆ. ಆಮೇಲೆ ಬೇರೆ ಯಾರೋ ಇದ್ದಾರೆ ಅಂದುಕೊಂಡೆ. ಒಂದು ದಿನ ಅವರೇ ಅತ್ತರು. "ಆಸೆಯೇ ಹುಟ್ಟುವುದಿಲ್ಲ ಮಾರಾಯ್ತಿ" ಅಂದರು. ಇದೂ ಗುಳಿಗೆಯದ್ದೇ?

ಕುಮಟಾ_ಸಿಸ್ಟರ್

ಅಕ್ಕಾ, ಸಂಕೋಚ ಬೇಡ. ಇದು ಎಷ್ಟೋ ಮನೆಯಲ್ಲಿದೆ, ಯಾರೂ ಹೇಳುವುದಿಲ್ಲ. ಅಫೀಮಿನ ಜಾತಿಯ ಔಷಧಿ ಬಹಳ ಕಾಲ ತಗೊಂಡರೆ ಗಂಡಸರಲ್ಲಿ ಟೆಸ್ಟೋಸ್ಟೆರಾನ್ ಹಾರ್ಮೋನು ಇಳಿಯಬಹುದು. ಟ್ರಮಡಾಲ್, ಹೆರಾಯಿನ್‌ನಿಂದಲೂ ಆಗುತ್ತದೆ, ಇಂಥದ್ದೇ ಚಿಕಿತ್ಸೆಗೆ ಕೊಡುವ ಮೆಥಡೋನ್‌ನಿಂದಲೂ ಆಗುತ್ತದೆ, ಇದರಿಂದಲೂ ಆಗಬಹುದು. ಬೆಳಗಿನ ಹೊತ್ತು ಒಂದು ರಕ್ತಪರೀಕ್ಷೆ ಮಾಡಿದರೆ ತಿಳಿಯುತ್ತದೆ. ಮನಸ್ಸು ಕುಗ್ಗಿದ್ದರೂ ಹೀಗಾಗುತ್ತದೆ, ಅದಕ್ಕೆ ಬೇರೆ ಚಿಕಿತ್ಸೆ. ಸಕ್ಕರೆ ಕಾಯಿಲೆ ಇದೆಯಾ ಅಂತಲೂ ನೋಡಿಸಿ. ಮುಂದಿನ ಸಲ ಡಾಕ್ಟರ ಹತ್ತಿರ ನೀವೂ ಜೊತೆಗೆ ಹೋಗಿ. ಅವರು ಹೇಳಲಾರದ್ದನ್ನು ನೀವು ಹೇಳಬಹುದು.

ಸುಮ್ನೆ ಪೇಪರಿನ ಜಾಹೀರಾತು ನೋಡಿ "ಶಕ್ತಿಯ" ಪುಡಿ ಮಾತ್ರ ತರಿಸಬೇಡಿ. ಲಿವರ್ ಮೊದಲೇ ದಣಿದಿರುತ್ತದೆ.

ಶರಾವತಿ_ದಂಡೆ

ಪುಡಿ ತರಿಸಿಯಾಗಿದೆ. ಕಪಾಟಿನ ಮೇಲಿದೆ. ನಾಳೆ ಹೊಳೆಗೆ.

ವೇದಿಕೆ_ನಿರ್ವಾಹಕ

"ನನ್ನ ಹತ್ತಿರ ಉಳಿದ ಗುಳಿಗೆ ಇದೆ, ಕೊರಿಯರ್ ಮಾಡುತ್ತೇನೆ" ಎಂದು ಬರೆದ ಒಂದು ಪ್ರತಿಕ್ರಿಯೆ ತೆಗೆದಿದ್ದೇವೆ. ಒಳ್ಳೆಯ ಮನಸ್ಸಿನಿಂದ ಬರೆದಿರಬಹುದು, ಆದರೆ ಇಲ್ಲಿ ಅದು ನಡೆಯುವುದಿಲ್ಲ. ಗುಳಿಗೆ ಮುಗಿದು ತೊಂದರೆಯಲ್ಲಿದ್ದವರು, ಯಾರ ಹತ್ತಿರ ಹೋಗಬೇಕು ಗೊತ್ತಿಲ್ಲದವರು 14446ಕ್ಕೆ ಕರೆ ಮಾಡಿ, ಅದು ವ್ಯಸನದ ರಾಷ್ಟ್ರೀಯ ಸಹಾಯವಾಣಿ. ಮನಸ್ಸಿನ ಕಷ್ಟಕ್ಕೆ 14416, ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ.

ಕರಿಇಶಾಡು

ಪೊಲೀಸರ ಹೆದರಿಕೆಯಿಂದ ಹೋಗದೇ ಇರುವವರಿಗೆ ಒಂದು ಮಾತು. ನಾನೂ ಎರಡು ವರ್ಷ ಅದೇ ಹೆದರಿಕೆಯಲ್ಲಿದ್ದೆ. ಚಿಕಿತ್ಸೆಗೆ ಹೋದರೆ ಹೆಸರು ಠಾಣೆಗೆ ಹೋಗುತ್ತದೆ ಅಂತ ಯಾರೋ ಹೇಳಿದ್ದರು. ಹಾಗೇನಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ರೋಗಿಯ ವಿಷಯ ಗುಟ್ಟಾಗಿ ಇಡಬೇಕು ಅಂತಲೇ ಇದೆ. ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ತಾನಾಗಿ ಚಿಕಿತ್ಸೆಗೆ ಬರುವ ವ್ಯಸನಿಗೆ ಒಂದಷ್ಟು ರಕ್ಷಣೆ ಕೊಡುತ್ತದೆ. ಮಾರುವವರಿಗೆ ಅಲ್ಲ, ಸೇವಿಸುವವರಿಗೆ.

ಬೈತಖೋಲ_ಬೋಟು

ಮೂರು ವಾರ ಬರೆಯಲಿಲ್ಲ, ಕ್ಷಮಿಸಿ. ಬೋಟು ಮಲ್ಪೆ ಕಡೆ ಹೋಗಿತ್ತು.

ಸಿಸ್ಟರ್ ಹೇಳಿದ ಹಾಗೆ ಒಂದು ವಾರ ಬರೆದಿಟ್ಟೆ. ಮಗಳ ಹಳೇ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ. ಗುಳಿಗೆ ಇಟ್ಟ ಹೊತ್ತು, ಬೆವರಿನ ಹೊತ್ತು, ಸಂಡಾಸಿನ ದಿನ. ಜೊತೆಯವನೊಬ್ಬ ನೋಡಿ "ಏನೋ ಇದು, ಉಬ್ಬರ ಇಳಿತದ ಲೆಕ್ಕವಾ?" ಅಂದ. ಹೌದು ಅಂದೆ.

ನುಂಗುವುದು ನಿಲ್ಲಿಸಿದೆ. ಈಗ ಗುಳಿಗೆ ಇಡುವುದು ಬಲೆ ಬಿಟ್ಟ ಮೇಲೆ, ಎತ್ತುವ ಮೊದಲು. ಆ ಹೊತ್ತಿನಲ್ಲಿ ಯಾರಿಗೂ ಕೆಲಸ ಇರುವುದಿಲ್ಲ. ಹತ್ತು ನಿಮಿಷ ಮೂಲೆಯಲ್ಲಿ ಕೂತು ನೀರು ನೋಡುತ್ತೇನೆ. ನಾಲ್ಕೈದು ದಿನದಲ್ಲಿ ರಾತ್ರಿಯ ಆಕಳಿಕೆ ಹೋಯಿತು. ಬೆವರು ಅರ್ಧಕ್ಕರ್ಧ ಇಳಿದಿದೆ. ಪೂರ್ತಿ ಹೋಗಿಲ್ಲ.

ಮೊನ್ನೆ ಡಾಕ್ಟರ ಹತ್ತಿರ ಹೋಗಿದ್ದೆ. "ಹೇಗಿದ್ದೀ?" ಅಂದರು. "ಅಡ್ಡಿಲ್ಲ" ಅಂತ ಬಾಯಿಗೆ ಬಂದೇ ಬಂತು. ಹೇಳಿಯೂ ಆಯಿತು. ಎದ್ದು ಬಾಗಿಲವರೆಗೆ ಹೋಗಿ, ವಾಪಸ್ ಬಂದು ನೋಟ್‌ಬುಕ್ ಮೇಜಿನ ಮೇಲಿಟ್ಟೆ. ಡಾಕ್ಟರು ಓದಿದರು. ಎರಡು ಸಲ ಓದಿದರು. "ಇದನ್ನು ಏಳು ತಿಂಗಳಿಂದ ಯಾಕೆ ಹೇಳಲಿಲ್ಲ?" ಅಂದರು. ನೀವು ಕೇಳಲಿಲ್ಲ ಅನ್ನಬೇಕು ಅನ್ನಿಸಿತು, ಅನ್ನಲಿಲ್ಲ. ಅವರು ಕೇಳಿದ್ದರು, ನಾನೇ ಅಡ್ಡಿಲ್ಲ ಅಂದದ್ದು.

ಡೋಸು ಏರಿಸಲಿಲ್ಲ. "ಸರಿಯಾಗಿ ಇಟ್ಟುಕೊಂಡು ಒಂದು ತಿಂಗಳು ನೋಡೋಣ, ಏರಿಸಬೇಕೋ ಬೇಡವೋ ಆಮೇಲೆ" ಅಂದರು. ಹೊಟ್ಟೆಗೆ ಸಿರಪ್ ಕೊಟ್ಟಿದ್ದಾರೆ, ಕೆಲಸ ಮಾಡುತ್ತಿದೆ. ಮೊದಲ ದಿನ ಜಾಸ್ತಿಯೇ ಕೆಲಸ ಮಾಡಿತು, ಬೋಟಿನಲ್ಲಿ, ಆ ಕಥೆ ಬೇಡ. ಲಿವರ್ ಪರೀಕ್ಷೆಗೆ ರಕ್ತ ತಗೊಂಡರು. ಗುಳಿಗೆ ಯಾವಾಗ ಬಿಡಬಹುದು ಅಂತ ಕೇಳಿದೆ. "ಗಡಿಬಿಡಿ ಏನು? ಬಿಡುವಾಗ ಇಬ್ಬರೂ ಸೇರಿ ಬಿಡೋಣ, ತಿಂಗಳುಗಟ್ಟಲೆ ಹಿಡಿದು, ಚೂರು ಚೂರೇ" ಅಂದರು.

ಹಲ್ಲು ಮಾತ್ರ ಎರಡರಲ್ಲಿ ಒಂದು ಕೀಳಲೇಬೇಕಂತೆ. ಹಲ್ಲಿನ ಡಾಕ್ಟರಿಗೆ ಗುಳಿಗೆ ಹೆಸರು ಹೇಳಿದೆ. ಅವರು ಮುಖ ಏನೂ ಬದಲಿಸಲಿಲ್ಲ. "ಒಳ್ಳೆಯದಾಯಿತು ಹೇಳಿದ್ದು, ನೋವಿಗೆ ಬೇರೆ ಗುಳಿಗೆ ಬರೆಯುತ್ತೇನೆ" ಅಂದರು ಅಷ್ಟೇ. ಅದಕ್ಕೆ ಎಷ್ಟು ಹೆದರಿದ್ದೆ ನಾನು.

ಶರಾವತಿ_ದಂಡೆ

ನಾವೂ ಹೋಗಿ ಬಂದೆವು. ಇಬ್ಬರೂ. ರಕ್ತಪರೀಕ್ಷೆ ಕೊಟ್ಟಿದ್ದೇವೆ, ರಿಪೋರ್ಟು ಬರಬೇಕು. ಬರುವಾಗ ಬಸ್ಸಿನಲ್ಲಿ ಪೂರ್ತಿ ದಾರಿ ಮಾತಾಡಿದರು. ಬಹಳ ದಿನವಾಗಿತ್ತು.

ಕುಮಟಾ_ಸಿಸ್ಟರ್

ಇಬ್ಬರಿಗೂ ಖುಷಿಯಾಯಿತು. ಬೋಟಿನ ತಮ್ಮಾ, ನೋಟ್‌ಬುಕ್ ಬಿಡಬೇಡಿ. ಏಪ್ರಿಲ್ ಮೇ ಸೆಕೆಯಲ್ಲಿ ಬೆವರಿನ ಲೆಕ್ಕ ಕಷ್ಟ, ಆಗ ಇಡೀ ಕಾರವಾರವೇ ಬೆವರುತ್ತದೆ. ಆಗ ಆಕಳಿಕೆ, ಮೂಗು ನೋಡಿಕೊಳ್ಳಿ. ನೀರು ಮಾತ್ರ ಅಳೆದು ಕುಡಿಯಬೇಡಿ.

ಸೋಂದಾ ಅಣ್ಣ ಎಲ್ಲಿ ಹೋದರು?

ಕೊನೆಕೊಯ್ಲು_ಸೋಂದಾ

ಇಲ್ಲೇ ಇದ್ದೇನೆ. ಗುಳಿಗೆ ಆದ ಮೇಲೆ ಬಾಯಿಗೆ ನೀರು ಹಾಕಿ ಮುಕ್ಕಳಿಸುತ್ತಿದ್ದೇನೆ. ಕವಳ ಬಿಟ್ಟು ಇವತ್ತಿಗೆ ಹನ್ನೊಂದು ದಿನ. ಮನೆಯವಳು ಸಂಚಿಯನ್ನು ಅಟ್ಟದ ಮೇಲೆ ಇಟ್ಟಿದ್ದಾಳೆ. ಅದಕ್ಕೂ ಒಂದು ಗುಳಿಗೆ ಇದೆಯಾ ಸಿಸ್ಟರ್? ಇಂಜೆಕ್ಷನ್ ಬಿಟ್ಟಾಗಲೂ ಇಷ್ಟು ಸಿಟ್ಟು ಬಂದಿರಲಿಲ್ಲ.